ಗಾಂಧಿ ಬಜಾರಿನಲ್ಲಿ ನಾಲ್ಕು ಹೆಜ್ಜೆ

ಶಿವಮೊಗ್ಗೆಯ ಗಾಂಧಿ ಬಜಾರು ಸಂಜೆಯ ಹೊತ್ತಿಗೆ ತುಂಬಿದ ತುಂಗೆಯಂತೆ ಇರುತ್ತದೆ. ಶಿವಪ್ಪನಾಯಕನ ಪ್ರತಿಮೆಯಿರುವ ವೃತ್ತದಿಂದ ಒಳಹೊಕ್ಕವರನ್ನು ಜನಪ್ರವಾಹವೇ ಮುಂದಕ್ಕೆ ಒಯ್ಯುತ್ತದೆ. ಇಕ್ಕೆಲಗಳಲ್ಲಿ ಜವಳಿ ಅಂಗಡಿಗಳು, ಚಿನ್ನಬೆಳ್ಳಿಯ ಅಂಗಡಿಗಳು, ಪಾತ್ರೆಯವರು, ಕಿರಾಣಿಯವರು. ನಡುನಡುವೆ ಹೂವಿನ ಬುಟ್ಟಿಗಳು, ಹಣ್ಣಿನ ಗಾಡಿಗಳು, ಬಾಣಲೆಯಿಂದ ಆಗತಾನೆ ಎತ್ತಿದ ಮೆಣಸಿನಕಾಯಿ ಬಜ್ಜಿಯ ಪರಿಮಳ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆಯ ಜಾತ್ರೆಯಲ್ಲಿ ತಾಯಿ ಮೊದಲು ಕುಳಿತುಕೊಳ್ಳುವುದೂ ಇದೇ ಬೀದಿಯ ತವರುಮನೆಯಲ್ಲಿ. ಬಳಿಕವೇ ಕೋಟೆಯ ಗದ್ದುಗೆಗೆ ಪಯಣ. ದೇವಿಗೇ ತವರಾದ ಬೀದಿಯಲ್ಲಿ ಊರಿನ ಹೆಣ್ಣುಮಕ್ಕಳಿಗೆ ಸಲಿಗೆ ಹೆಚ್ಚೆಂದರೆ ಆಶ್ಚರ್ಯವೇನು! ಮದುವೆಯ ಸೀರೆಯಿಂದ ಹಿಡಿದು ಒಗ್ಗರಣೆಯ ಸಾಸಿವೆಯವರೆಗೆ ಎಲ್ಲವೂ ಇಲ್ಲಿಯೇ ಆಗಬೇಕು.

ಆದರೆ ಈ ಬೀದಿ ಎಲ್ಲರಿಗೂ ಒಂದೇ ಬೀದಿಯಲ್ಲ. ನೂರಹತ್ತು ಕಿಲೋ ತೂಗುವ ಗೃಹಿಣಿಯೊಬ್ಬರು ಇಲ್ಲಿಗೆ ಬಂದರೆನ್ನಿ. ಹಳೆಯ ಪದ್ಧತಿಯ ಜವಳಿ ಅಂಗಡಿಯಲ್ಲಿ ನೆಲದ ಮೇಲೆ ಬಿಳಿಯ ಹಾಸು ಹಾಸಿರುತ್ತದೆ. “ಬನ್ನಿ ಅಮ್ಮಾ, ಕೂತ್ಕೊಳ್ಳಿ” ಎಂಬ ಸ್ವಾಗತದಲ್ಲಿ ಕೊಂಕೇನೂ ಇಲ್ಲ. ಆದರೆ ಕುಳಿತವರು ಏಳುವುದು ಹೇಗೆ? ಮಂಡಿ ಒಪ್ಪುವುದಿಲ್ಲ; ಕೈಕೊಡಲು ನಾಲ್ವರು ಬಂದರೆ ನೋಡಲು ನಲವತ್ತು ಮಂದಿ ನಿಲ್ಲುತ್ತಾರೆ. ಸೀರೆಗೆ ಅಳತೆಯಿಲ್ಲವೆಂಬುದೊಂದು ಸಮಾಧಾನ. ಸಿದ್ಧ ಉಡುಪಿನ ಅಂಗಡಿಯಲ್ಲಿ ಆ ಸಮಾಧಾನವೂ ಇಲ್ಲ: “ನಿಮ್ಮ ಅಳತೆ ಬರೋದಿಲ್ಲ ಅಕ್ಕಾ” ಎಂಬ ಮಾತು ಮೆಲ್ಲಗೆ ಹೇಳಿದರೂ ಪಕ್ಕದವರಿಗೆ ಕೇಳಿಸುತ್ತದೆ. ಇಂಥ ಎರಡು ಸಂಜೆಗಳಾದ ಮೇಲೆ ಮನೆಯವರೇ ಸಾಮಾನು ತಂದುಕೊಡುವ ವ್ಯವಸ್ಥೆಯಾಗುತ್ತದೆ. ನಡೆಯಬೇಕಾದವರೇ ನಡೆಯುವುದನ್ನು ಬಿಡುತ್ತಾರೆ. ಗಂಡಸರ ಪಾಡು ಸ್ವಲ್ಪ ಬೇರೆ. ಹೊಟ್ಟೆ ಮುಂದೆ ಬಂದ ಸಾಹುಕಾರನನ್ನು ಬಜಾರು ಒಂದು ಹಂತದವರೆಗೆ ಗೌರವದಿಂದಲೇ ಕಾಣುತ್ತದೆ. ಆ ಹಂತ ದಾಟಿದರೆ ನಗು ಅವರನ್ನೂ ಬಿಡುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಸೊಂಟದ ಸುತ್ತ ನಾಲ್ಕು ಅಂಗುಲ ಕೂಡಿಕೊಂಡವರ ಸಂಗತಿಯಲ್ಲ. ಕಿಲೋಗ್ರಾಮಿನಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರವನ್ನು ತೆಗೆದುಕೊಂಡು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ದೇಹತೂಕದ ಸೂಚ್ಯಂಕ ಎನ್ನುತ್ತಾರೆ. ಭಾರತೀಯರಲ್ಲಿ ಅದು 25 ಮುಟ್ಟಿದರೆ ಬೊಜ್ಜು. 40 ದಾಟಿದರೆ ಲೋಕದ ಎಲ್ಲ ವೈದ್ಯರೂ ಅದನ್ನು ತೀವ್ರ ಸ್ಥೂಲಕಾಯವೆಂದು ಒಪ್ಪುತ್ತಾರೆ. 165 ಸೆಂಟಿಮೀಟರ್ ಎತ್ತರದವರಿಗೆ 40 ಎಂದರೆ ಸುಮಾರು 109 ಕಿಲೋ. ಅಷ್ಟು ಭಾರ ಹೊತ್ತವರಿಗೆ ರಾತ್ರಿ ನಿದ್ರೆಯಲ್ಲಿ ಉಸಿರು ಕಟ್ಟುವುದು, ಸಿಹಿಮೂತ್ರ, ರಕ್ತದ ಒತ್ತಡ, ಮಂಡಿನೋವು ಒಂದರ ಹಿಂದೊಂದು ಬರುತ್ತವೆ. ಅವರನ್ನು ಸೋಮಾರಿಗಳೆನ್ನುವವರು ಒಂದು ಲೆಕ್ಕವನ್ನು ಮರೆಯುತ್ತಾರೆ. ವೃತ್ತದಿಂದ ಕೋಟೆಯವರೆಗೆ ನಡೆಯಲು ಐವತ್ತೈದು ಕಿಲೋದವರು ವ್ಯಯಿಸುವ ಶಕ್ತಿಯ ಹೆಚ್ಚುಕಡಿಮೆ ಇಮ್ಮಡಿಯನ್ನು ನೂರಹತ್ತು ಕಿಲೋದವರು ವ್ಯಯಿಸುತ್ತಾರೆ. ಅದೇ ದಾರಿ, ದುಪ್ಪಟ್ಟು ದುಡಿಮೆ.

ಈ ವಿಷಯದಲ್ಲಿ ಶಿವಮೊಗ್ಗೆಗೆ ಒಂದು ವಿಶೇಷವುಂಟು. ಸಿಹಿಮೂತ್ರ, ಹೃದ್ರೋಗ, ಪಾರ್ಶ್ವವಾಯುಗಳನ್ನು ತಡೆಯಲು ಕೇಂದ್ರ ಸರ್ಕಾರವು 2008ರ ಜನವರಿಯಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಕೆಲವೇ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ತೊಡಗಿದಾಗ, ಕರ್ನಾಟಕದಿಂದ ಆಯ್ಕೆಯಾದದ್ದು ಶಿವಮೊಗ್ಗ ಜಿಲ್ಲೆ. 2010ರಲ್ಲಿ ಅದು ಕ್ಯಾನ್ಸರನ್ನೂ ಸೇರಿಸಿಕೊಂಡು ದೇಶದ ನೂರು ಜಿಲ್ಲೆಗಳಿಗೆ ಹಬ್ಬಿತು. ಮೂವತ್ತು ದಾಟಿದವರ ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ಅಳೆಯುವುದು, ಆಹಾರ ವ್ಯಾಯಾಮಗಳ ತಿಳಿವಳಿಕೆ ಕೊಡುವುದು ಅದರ ಮುಖ್ಯ ಕೆಲಸ. ಅವಶ್ಯಕತೆಗೇನೂ ಕೊರತೆಯಿರಲಿಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 23 ಮಂದಿ ಅತಿತೂಕದವರಿದ್ದರೆ, 2019–21ರ ಸಮೀಕ್ಷೆಯ ಹೊತ್ತಿಗೆ 30 ಮಂದಿ. ಗಂಡಸರೂ ಹಿಂದೆ ಬಿದ್ದಿಲ್ಲ. ಇವರಲ್ಲಿ ತೀವ್ರ ಸ್ಥೂಲಕಾಯದವರು ಕೆಲವರೇ. ಆದರೆ ಎಲ್ಲರಿಗಾಗಿ ಮಾಡಿದ ಏರ್ಪಾಡು ಅವರಿಗೆ ಸಾಲುವುದಿಲ್ಲ. ತೋಳಿಗೆ ಸುತ್ತುವ ಸಾಮಾನ್ಯ ಪಟ್ಟಿ ದಪ್ಪ ತೋಳಿಗೆ ಚಿಕ್ಕದಾದರೆ ರಕ್ತದ ಒತ್ತಡ ಇದ್ದುದಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ತೂಕದ ಯಂತ್ರ 120 ಕಿಲೋಕ್ಕೆ ನಿಂತುಬಿಟ್ಟರೆ, ಉಳಿಯುವುದು ಮೂಟೆ ತೂಗುವ ತಕ್ಕಡಿ. ಅದನ್ನು ಹತ್ತುವ ಧೈರ್ಯ ಯಾರಿಗಿದೆ?

ಈ ನೋವು ಹೊಸತಲ್ಲ. ಚರಕಸಂಹಿತೆಯಲ್ಲಿ ಅತಿಸ್ಥೂಲರ ಪ್ರಸ್ತಾಪ ಬರುವ ಅಧ್ಯಾಯದ ಹೆಸರೇ ‘ಅಷ್ಟೌನಿಂದಿತೀಯ’, ಅಂದರೆ ನಿಂದೆಗೆ ಗುರಿಯಾದ ಎಂಟು ಬಗೆಯ ದೇಹಗಳನ್ನು ಕುರಿತದ್ದು. ಜನ ನಿಂದಿಸುತ್ತಾರೆಂಬುದನ್ನು ಆ ಪ್ರಾಚೀನ ವೈದ್ಯ ಕಂಡುಕೊಂಡಿದ್ದ. ಆದರೆ ಕಾರಣಗಳನ್ನು ಹೇಳುವಾಗ ಅತಿಯಾದ ಊಟ, ಹಗಲುನಿದ್ರೆ, ವ್ಯಾಯಾಮವಿಲ್ಲದಿರುವುದು ಇವುಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದದ್ದನ್ನೂ, ಅವನು ಎಣಿಸಿದ. ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂದೂ ಹೇಳಿದ. ಹುರುಳಿ, ಹೆಸರು, ಜವೆ, ಸಾಮೆಗಳು ಅವನ ಪಥ್ಯದಲ್ಲಿವೆ. ಇಂದಿನ ವಿಜ್ಞಾನವು ಬೀಜಸ್ವಭಾವದ ಮಾತನ್ನು ಅಲ್ಲಗಳೆದಿಲ್ಲ. ಬದಲಿಗೆ ಇನ್ನಷ್ಟು ಬಲಪಡಿಸಿದೆ. ತೂಕ ಇಳಿಯತೊಡಗಿದೊಡನೆ ದೇಹವು ಬರಗಾಲ ಬಂತೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ವೆಚ್ಚವನ್ನು ಬಿಗಿ ಹಿಡಿಯುತ್ತದೆ. ಅಮೆರಿಕೆಯ ದೂರದರ್ಶನದ ತೂಕ ಇಳಿಸುವ ಸ್ಪರ್ಧೆಯಲ್ಲಿ ಭಾಗವಹಿಸಿದ್ದ ಹದಿನಾಲ್ವರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಹೊರಬಂತು. ಹದಿಮೂವರ ತೂಕ ಮತ್ತೆ ಏರಿತ್ತು. ವಿಶ್ರಾಂತಿಯಲ್ಲಿರುವಾಗ ಅವರ ದೇಹ ವ್ಯಯಿಸುತ್ತಿದ್ದ ಶಕ್ತಿಯಾದರೋ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಕಡಿಮೆ. ‘ಬಾಯಿ ಕಟ್ಟಿದರೆ ಆಯಿತು’ ಎಂದು ಜಗಲಿಯ ಮೇಲೆ ಕುಳಿತು ಹೇಳುವ ಹಿರಿಯರು ಈ ಅಂಕಿಯನ್ನು ಗಮನಿಸಬೇಕು.

ಹಾಗಾದರೆ ಜೀವನಕ್ರಮವನ್ನು ತಿದ್ದುವ ಕಾರ್ಯಕ್ರಮಗಳಿಂದ ಫಲವೇನು? ಫಲವಿದೆ, ಜಾಹೀರಾತು ಹೇಳುವಷ್ಟಿಲ್ಲ. ಅಮೆರಿಕೆಯಲ್ಲಿ 2001ರಿಂದ ಮಧುಮೇಹವಿದ್ದ 5,145 ಸ್ಥೂಲಕಾಯರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ ಪಥ್ಯ, ನಡಿಗೆ, ಮೇಲಿಂದ ಮೇಲೆ ಭೇಟಿ ಇವುಗಳಿಂದ ಮೊದಲ ವರ್ಷ ತೂಕದ ನೂರಕ್ಕೆ 8.6 ಪಾಲು ಇಳಿಯಿತು. ಎಂಟನೆಯ ವರ್ಷಕ್ಕೆ ಉಳಿದದ್ದು 4.7. ಹೃದಯಾಘಾತಗಳು ಕಡಿಮೆಯಾಗಲಿಲ್ಲವೆಂದು 2012ರಲ್ಲಿ ಚಿಕಿತ್ಸೆಯನ್ನೇ ನಿಲ್ಲಿಸಿದರು. ಆದರೆ ನಡೆದಾಡುವ ಶಕ್ತಿ ಹೆಚ್ಚಿತ್ತು, ನಿದ್ರೆಯಲ್ಲಿ ಉಸಿರು ಕಟ್ಟುವುದು ತಗ್ಗಿತ್ತು, ಮನಸ್ಸಿನ ಖಿನ್ನತೆ ಇಳಿದಿತ್ತು. ಐರ್ಲೆಂಡಿನ ಗಾಲ್ವೇ ಪಟ್ಟಣದಲ್ಲಿ ತೀವ್ರ ಸ್ಥೂಲಕಾಯದವರನ್ನೇ ಗುಂಪುಗೂಡಿಸಿ, ದಾದಿ, ಪಥ್ಯತಜ್ಞರು, ಅಂಗವ್ಯಾಯಾಮ ಕಲಿಸುವವರು ಸೇರಿ ಹತ್ತು ವಾರಗಳ ಕಾರ್ಯಕ್ರಮ ನಡೆಸಿದಾಗಲೂ ಹೀಗೆಯೇ: ಇಳಿದ ತೂಕ ಅಲ್ಪ, ಗಳಿಸಿದ ಕಸುವೂ ಉತ್ಸಾಹವೂ ಅದಕ್ಕಿಂತ ಹೆಚ್ಚು. ತಕ್ಕಡಿಯೊಂದನ್ನೇ ನೋಡುವವರಿಗೆ ಇದು ಸೋಲಿನಂತೆ ಕಾಣುತ್ತದೆ. ಮಂಡಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ನೂರಹತ್ತು ಕಿಲೋದವರು ಐದೇ ಕಿಲೋ ಇಳಿದರೂ ಬಜಾರಿನ ಒಂದು ಸುತ್ತಿನಲ್ಲಿ ಮಂಡಿಗೆ ಉಳಿಯುವ ಶ್ರಮವನ್ನು ಲೆಕ್ಕಹಾಕಿ ನೋಡಬಹುದು. ಇದು ಸಾಲದವರಿಗೆ ಶಸ್ತ್ರಚಿಕಿತ್ಸೆಯಿದೆ. ಹಸಿವನ್ನು ತಗ್ಗಿಸುವ ಹೊಸ ಚುಚ್ಚುಮದ್ದುಗಳೂ 2025ರಲ್ಲಿ ಭಾರತದ ಪೇಟೆಗೆ ಬಂದಿವೆ. ಅವುಗಳ ಜೊತೆಗೂ ಊಟ ನಡಿಗೆಗಳ ಶಿಸ್ತು ಬೇಕು.

ಅನುಕೂಲವಿದ್ದವರು ಧರ್ಮಸ್ಥಳದ ಬಳಿಯ ಶಾಂತಿವನದಂಥ ಪ್ರಕೃತಿ ಚಿಕಿತ್ಸಾಲಯಗಳಿಗೆ ಹೋಗಿ ಕೆಲವು ವಾರ ಇದ್ದು ಬರುವುದುಂಟು. ನೇತ್ರಾವತಿಯ ತಂಗಾಳಿ, ಅಳೆದು ಬಡಿಸಿದ ಊಟ, ಹೊತ್ತಿಗೆ ಸರಿಯಾಗಿ ಯೋಗಾಸನ. ಶರೀರ ಹಗುರವಾಗುತ್ತದೆ, ಮನಸ್ಸೂ. ತೊಡಕಿರುವುದು ಮನೆಗೆ ಮರಳಿದ ಮೇಲೆ. ಬಜಾರು ಹಾಗೆಯೇ ಇದೆ, ಬಜ್ಜಿಯೂ ಹಾಗೆಯೇ ಇದೆ, ಬೀಗರ ಮನೆಯ ಹೋಳಿಗೆ ಊಟವೂ ತಪ್ಪಿಲ್ಲ. ಆದ್ದರಿಂದ ವನದಲ್ಲಿ ಕಲಿತದ್ದು ಬೀದಿಯಲ್ಲಿ ಬಾಳಬೇಕಾದರೆ ಬೀದಿಯೂ ಅಡಿಗೆಮನೆಯೂ ಸ್ವಲ್ಪ ಬಗ್ಗಬೇಕು.

ಅಡಿಗೆಮನೆಯ ಮಟ್ಟಿಗೆ ಮಲೆನಾಡಿನವರು ಬಡವರಲ್ಲ. ಹುರುಳಿಕಟ್ಟಿನ ಸಾರು, ಒಂದೆಲಗದ ತಂಬುಳಿ, ಸೊಪ್ಪಿನ ಪಲ್ಯ, ನೀರುಮಜ್ಜಿಗೆ ಇವೆಲ್ಲ ಹೊಟ್ಟೆ ತುಂಬಿಸುವವು, ಮೈ ತುಂಬಿಸುವವಲ್ಲ. ತಟ್ಟೆಯಲ್ಲಿ ಅನ್ನದ ಗುಡ್ಡೆ ನಡುವೆ ಕುಳಿತು ಪಲ್ಯ ಅಂಚಿಗೆ ಸರಿದಿರುವುದೇ ತೊಂದರೆ; ಎರಡೂ ಸ್ಥಾನ ಬದಲಿಸಿದರೆ ಅರ್ಧ ಕೆಲಸ ಮುಗಿಯಿತು. ಅಕ್ಕಿರೊಟ್ಟಿಗೆ ಸವರುವ ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಅಡಗಿದೆ. ಅದನ್ನು ಕಳೆಯಲು ನಿಧಾನವಾಗಿ ನಡೆಯುವವರಿಗೆ ಅರ್ಧ ಗಂಟೆಯಾದರೂ ಬೇಕಾದೀತು. ಇನ್ನು ಉಪವಾಸ. ಏಕಾದಶಿಯ ನೆಪದಲ್ಲಿ ತೂಕ ಇಳಿಸಲು ಹೊರಡುವವರು, ಸಿಹಿಮೂತ್ರಕ್ಕೆ ಇನ್ಸುಲಿನ್ನನ್ನೋ ಕೆಲವು ಬಗೆಯ ಗುಳಿಗೆಗಳನ್ನೋ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ಆ ಸಾಹಸಕ್ಕೆ ಕೈಹಾಕಬಾರದು. ಸಕ್ಕರೆಯ ಅಂಶ ಥಟ್ಟನೆ ಕುಸಿದು ಪ್ರಜ್ಞೆ ತಪ್ಪುವ ಅಪಾಯವುಂಟು.

ಬೀದಿಯ ಮಟ್ಟಿಗೆ ಹೇಳುವುದಾದರೆ, ಗಾಂಧಿ ಬಜಾರು ಬೆಳಗಿನ ಐದೂವರೆಗೆ ಬೇರೆಯೇ ಊರು. ಬಾಗಿಲುಗಳು ಮುಚ್ಚಿವೆ. ಹೂವಿನವರು ಮಾತ್ರ ಮೂಟೆ ಬಿಚ್ಚುತ್ತಿರುತ್ತಾರೆ. ನೋಡುವ ಕಣ್ಣುಗಳಿಲ್ಲ. ನಾಚಿಕೆಯಿಂದ ಮನೆಯೊಳಗೇ ಉಳಿದವರಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅಂಗಡಿಗಳ ಮುಂದಿನ ಕಟ್ಟೆಗಳೇ ವಿಶ್ರಾಂತಿಯ ತಾಣಗಳು: ಮೂರು ನಿಮಿಷ ನಡೆದು ಎರಡು ನಿಮಿಷ ಕೂರುವುದು, ಮುಂದಿನ ವಾರ ನಾಲ್ಕು ನಿಮಿಷ. ಎದೆಯಲ್ಲಿ ಹಿಡಿದಂತಾದರೆ, ಉಸಿರು ವಿಪರೀತ ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ ಮೆಗ್ಗಾನ್ ಆಸ್ಪತ್ರೆಯ ದಾರಿ ಹಿಡಿಯಬೇಕು. ಹೀಗೆ ಸಾಗಿದವರು ಒಂದು ದಿನ ಕೋಟೆ ರಸ್ತೆಗೆ ಹೊರಳಿ, ಶಿವಪ್ಪನಾಯಕನ ಹೆಸರಿನ ಅರಮನೆಯನ್ನು ಹಾದು, ತುಂಗೆಯ ದಂಡೆ ಮುಟ್ಟುತ್ತಾರೆ. (ಆ ಮರದ ಅರಮನೆ ಹೈದರಾಲಿಯ ಕಾಲದ್ದೆಂದು ಇತಿಹಾಸಕಾರರು ಹೇಳುತ್ತಾರೆ, ಊರಿನವರು ಕೇಳುವುದಿಲ್ಲ.) ಮಳೆಗಾಲದ ನಾಲ್ಕು ತಿಂಗಳು ಈ ನಡಿಗೆಗೆ ತಡೆ ಬಿದ್ದರೂ ಮಲೆನಾಡಿನ ಮನೆಗೆ ಜಗಲಿಯಿದೆ.

ಹದಿನೆಂಟು ಇಪ್ಪತ್ತು ಕಿಲೋಮೀಟರ್ ದೂರದ ಭದ್ರಾವತಿಯಲ್ಲಿ ಕಥೆ ಇನ್ನೊಂದು ಬಗೆಯದು. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಂದಿನಿಂದ ಅದು ಮೈಮುರಿದು ದುಡಿಯುವವರ ಊರು. ದುಡಿಮೆಗೆ ತಕ್ಕ ಊಟವೂ ಇತ್ತು. ಕಾಗದದ ಕಾರ್ಖಾನೆ 2015ರಲ್ಲಿ ಸದ್ದಡಗಿತು. ಉಕ್ಕಿನ ಕಾರ್ಖಾನೆಯಲ್ಲಿ ಕೈಗಳು ಬಹಳ ಕಡಿಮೆಯಾದವು. ಕೈಯ ಕೆಲಸ ನಿಂತರೂ ಬಾಯಿಯ ಅಭ್ಯಾಸ ಒಮ್ಮೆಲೇ ನಿಲ್ಲುವುದಿಲ್ಲ. ಅಲ್ಲಿನ ನ್ಯೂಟೌನಿನಲ್ಲಿ ಕಾರ್ಖಾನೆಯ ವೈಭವದ ದಿನಗಳಲ್ಲಿ ಹಾಕಿದ ಅಗಲವಾದ ರಸ್ತೆಗಳೂ ಸಾಲುಮರಗಳ ನೆರಳೂ ಇನ್ನೂ ಇವೆ. ಗಾಂಧಿ ಬಜಾರಿನವರಿಗೆ ಬೆಳಗಿನ ಐದೂವರೆಯಲ್ಲಿ ಮಾತ್ರ ಸಿಕ್ಕುವ ತೆರಪು ಅಲ್ಲಿ ದಿನವಿಡೀ ಸಿಕ್ಕುತ್ತದೆ. ಬೇಕಾದದ್ದು ಜೊತೆಗೆ ನಡೆಯುವ ಒಬ್ಬರು, ಮತ್ತು ನೂರು ಹೆಜ್ಜೆಗೊಂದರಂತೆ ಕೈಯಾನಿಕೆಯಿಲ್ಲದ ಅಗಲವಾದ ಕಲ್ಲುಬೆಂಚು.