ಪರದೇಶದಲ್ಲಿ ಯಾವ ನಾಣ್ಯ?

2024ರ ಜನವರಿಯಲ್ಲಿ ನಾನೂ ನನ್ನ ಧರ್ಮಪತ್ನಿಯೂ ಕಾಂಬೋಡಿಯಾ ದೇಶದ ಅಂಗ್‌ಕೋರ್ ದೇವಾಲಯಗಳನ್ನು ನೋಡಲು ಹೊರಟೆವು. ಯಾವ ಬಟ್ಟೆ ಒಯ್ಯಬೇಕು, ಎಷ್ಟು ಚಕ್ಕುಲಿ ಕಟ್ಟಿಕೊಳ್ಳಬೇಕು ಎಂಬುದು ಅವಳ ಚಿಂತೆ. ಯಾವ ಹಣ ಒಯ್ಯಬೇಕೆಂಬುದು ನನ್ನದು. ಟಿಕೆಟ್ಟು ತೆಗೆಸಿಕೊಟ್ಟ ಮಗನು, "ಕಾರ್ಡ್ ಅದ ಅಲ್ಲ ಅಪ್ಪಾಜಿ, ಯಾಕ ಇಷ್ಟು ವಿಚಾರ ಮಾಡ್ತೀರಿ?" ಎಂದನು. ನಲವತ್ತು ವರ್ಷ ಹುಬ್ಬಳ್ಳಿಯ ಪೇಟೆಯಲ್ಲಿ ಪಾತ್ರೆಯ ವ್ಯಾಪಾರ ಮಾಡಿದವನು, ಅದರ ಮೇಲೆ ಬಿ.ಕಾಂ. ಓದಿದವನು, ವಿಚಾರ ಮಾಡದೆ ಹಣ ಬಿಚ್ಚುವುದುಂಟೆ?

ಆ ದೇಶದ ನಾಣ್ಯ ರಿಯೆಲ್. ಅದು ನಮ್ಮ ದೇಶದ ವಿನಿಮಯ ಅಂಗಡಿಗಳಲ್ಲಿ ದೊರೆಯುವ ಸರಕಲ್ಲ. ಅಲ್ಲಿಯಾದರೋ ಅಮೆರಿಕದ ಡಾಲರು ಮನೆಯ ಮಗನಂತೆ ಓಡಾಡುತ್ತದೆ. ಇದಕ್ಕೆ ಕರುಣಾಜನಕವಾದ ಇತಿಹಾಸವಿದೆ. 1975ರಲ್ಲಿ ಅಧಿಕಾರ ಹಿಡಿದ ಖ್ಮೇರ್ ರೂಜ್ ಪಕ್ಷವು ಹಣವೆಂಬ ವಸ್ತುವನ್ನೇ ರದ್ದುಪಡಿಸಿ, ರಾಜಧಾನಿ ನಾಮ್ ಪೆನ್ಹ್‌ನಲ್ಲಿದ್ದ ರಾಷ್ಟ್ರೀಯ ಬ್ಯಾಂಕಿನ ಕಟ್ಟಡವನ್ನು ಸ್ಫೋಟಿಸಿತು. ರಿಯೆಲ್ ಮರಳಿ ಚಲಾವಣೆಗೆ ಬಂದದ್ದು 1980ರಲ್ಲಿ. 1992-93ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕರು ಬಂದರು, ಅವರ ಸಂಬಳದೊಡನೆ ಡಾಲರುಗಳು ಬಂದವು. ಅವರು ಹೋದರು, ಡಾಲರು ಉಳಿಯಿತು. ಒಮ್ಮೆ ತಮ್ಮ ನಾಣ್ಯ ಕೈಯಲ್ಲೇ ಕಸವಾದದ್ದನ್ನು ಕಂಡ ಜನ ಪರರ ನಾಣ್ಯವನ್ನು ನಂಬಿದರೆ ತಪ್ಪೆನ್ನಲಾದೀತೆ? ಅಂಗ್‌ಕೋರಿನ ಪ್ರವೇಶ ಶುಲ್ಕವೂ ಡಾಲರಿನಲ್ಲಿಯೇ ನಮೂದಾಗಿದೆ: ಒಂದು ದಿನಕ್ಕೆ 37, ಮೂರು ದಿನಕ್ಕೆ 62.

ಹೀಗಾಗಿ 700 ಡಾಲರು ಕೊಳ್ಳುವುದೆಂದು ನಿಶ್ಚಯಿಸಿದೆ. ಪರಿಚಯದ ಒಬ್ಬರು ರಸೀದಿಯಿಲ್ಲದೆ ಡಾಲರಿಗೆ 60 ಪೈಸೆ ಅಗ್ಗವಾಗಿ ಕೊಡಿಸುವೆನೆಂದರು. ಉಳಿತಾಯ 420 ರೂಪಾಯಿ. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಂದರೆ ವಿರುದ್ಧರಾಜ್ಯಾತಿಕ್ರಮವು, ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದೆಂಬುದನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ. ದಶಲಕ್ಷಣ ಪರ್ವದಲ್ಲಿ ಬಸದಿಯ ಜಗುಲಿಯ ಮೇಲೆ ಕುಳಿತು ಈ ವಿಷಯವನ್ನೇ ನಾನು ಎರಡು ಬಾರಿ ವಿವರಿಸಿದ್ದುಂಟು. ಪರವಾನಗಿಯುಳ್ಳ ಅಂಗಡಿಗೆ ಹೋಗಿ, ಮೊತ್ತ 50,000 ರೂಪಾಯಿಗೆ ಮೀರಿದ್ದರಿಂದ ನಿಯಮದಂತೆ ಚೆಕ್ಕು ಕೊಟ್ಟು, ರಸೀದಿ ಪಡೆದು ಬಂದೆ. ಆ ದಿನ ನನ್ನ ನಡಿಗೆಯಲ್ಲಿ ತುಸು ಗತ್ತು ಇದ್ದಿರಬೇಕು.

ಕಾರ್ಡಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ವಿದೇಶದ ಅಂಗಡಿಯ ಯಂತ್ರವು ಒಮ್ಮೊಮ್ಮೆ "ನಿಮ್ಮ ರೂಪಾಯಿಯಲ್ಲಿ ಕೊಡುತ್ತೀರೋ, ಇಲ್ಲಿನ ಹಣದಲ್ಲಿ ಕೊಡುತ್ತೀರೋ" ಎಂದು ವಿನಯದಿಂದ ಕೇಳುತ್ತದೆ. ರೂಪಾಯಿ ಎಂಬ ಆತ್ಮೀಯ ಶಬ್ದಕ್ಕೆ ಮರುಳಾಗಬಾರದು. ಅಲ್ಲಿಯ ಹಣವನ್ನೇ ಒತ್ತಬೇಕು. ಇಲ್ಲವಾದರೆ ವಿನಿಮಯದ ದರವನ್ನು ಆ ಯಂತ್ರದವರೇ ತಮಗೆ ಬೇಕಾದಂತೆ ಹಾಕಿಕೊಳ್ಳುತ್ತಾರೆ.

ಸಿಯೆಮ್ ರೀಪ್ ನಗರದಲ್ಲಿ ಇಳಿದ ಮರುದಿನವೇ ಒಂದು ಸಂಗತಿ ಕಂಡಿತು. ಕೂದಲೆಳೆಯಷ್ಟು ಹರಿದ ಡಾಲರ್ ನೋಟನ್ನೂ ಅಲ್ಲಿ ಯಾರೂ ಮುಟ್ಟುವುದಿಲ್ಲ. ಬೆಳಕಿಗೆ ಹಿಡಿದು, ಅಂಚು ಸವರಿ, ಹಿಂದಕ್ಕೆ ಕೊಡುತ್ತಾರೆ. ಅದೇ ಅಂಗಡಿಯವಳು ಒಗೆದ ಅರಿವೆಯಂತೆ ಮೆತ್ತಗಾದ ರಿಯೆಲ್ ನೋಟನ್ನು ಮರುಮಾತಿಲ್ಲದೆ ಗಲ್ಲೆಗೆ ಹಾಕಿಕೊಳ್ಳುತ್ತಾಳೆ. ಕಾರಣ ಸರಳ. ರಿಯೆಲ್ಲಿಗೆ ಅವರದೇ ರಾಷ್ಟ್ರೀಯ ಬ್ಯಾಂಕಿದೆ. ಡಾಲರಿನ ತವರು ಸಾಗರದಾಚೆ. ಹರಿದ ಮೇಲೆ ಅದಕ್ಕೆ ಅಲ್ಲಿ ದಿಕ್ಕಿಲ್ಲ.

ಇದು ತಿಳಿಯುವ ಮೊದಲೇ ನನ್ನ ಕೈಗೆ ಅಂತಹದೊಂದು ನೋಟು ಸೇರಿತ್ತು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಅವಸರದಲ್ಲಿ ಒಂದು ಸಸ್ಯಾಹಾರಿ ಭೋಜನಗೃಹದಲ್ಲಿ ಕೊಟ್ಟ ಚಿಲ್ಲರೆಯನ್ನು ಎಣಿಸಿದೆನೇ ಹೊರತು ನೋಡಲಿಲ್ಲ. ಅದರಲ್ಲಿದ್ದ 20 ಡಾಲರಿನ ನೋಟು ಮಧ್ಯದಲ್ಲಿ ಬೆರಳಗಲ ಹರಿದಿತ್ತು. ಮರುದಿನ ಎರಡು ಅಂಗಡಿಗಳಲ್ಲಿ ಅದು ತಿರಸ್ಕೃತವಾಯಿತು.

ಆ ದಿನ ಅಂಗ್‌ಕೋರ್ ತೋರಿಸಿದ ಟುಕ್‌ಟುಕ್ ರಿಕ್ಷಾದವನಿಗೆ ಇಪ್ಪತ್ತು ಡಾಲರು ಮಾತಾಗಿತ್ತು. ನಮ್ಮ ಹಿರಿಯ ಮಗನ ವಯಸ್ಸಿನವನು; ನನ್ನವಳು ಮೆಟ್ಟಿಲು ಏರಲಾರದೆ ಕುಳಿತಾಗ ಎಳನೀರು ತಂದುಕೊಟ್ಟವನು. ಮುಸ್ಸಂಜೆಯಲ್ಲಿ ವಸತಿಗೃಹದ ಬಾಗಿಲಿಗೆ ಬಂದಿಳಿದಾಗ, ಹರಿದ ಭಾಗ ಒಳಗೆ ಬರುವಂತೆ ಆ ನೋಟನ್ನು ನಾಲ್ಕು ಮಡಿಕೆ ಮಡಿಚಿ ಅವನ ಕೈಯಲ್ಲಿಟ್ಟೆ. ಅವನು ಬಿಚ್ಚಿ ನೋಡಲಿಲ್ಲ. ಕೈಜೋಡಿಸಿ ಹೊರಟುಹೋದನು.

ಕೋಣೆಯಲ್ಲಿ ನನ್ನವಳು ಕೇಳಿದಳು: "ಆ ಹರಕ ನೋಟು ಎಲ್ಲಿ ಹೋತ್ರೀ?"

"ಹೋತು," ಎಂದೆ.

ಅವಳು ಮತ್ತೇನೂ ಕೇಳದೆ ಸಾಮಾಯಿಕಕ್ಕೆ ಕುಳಿತಳು. ನನಗೆ ಕೂಡಲಾಗಲಿಲ್ಲ. ತೀರ್ಥರೂಪರ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಗಿರಾಕಿಗಳಿಂದ ಬಂದ ಹರಕು ನೋಟುಗಳೆಲ್ಲ ಅದಕ್ಕೆ. ಚಿಲ್ಲರೆ ಕೊಡುವಾಗ ಆ ಡಬ್ಬಿಗೆ ಕೈ ಹಾಕುವಂತಿರಲಿಲ್ಲ. ತಿಂಗಳಿಗೊಮ್ಮೆ ಬ್ಯಾಂಕಿಗೋ ನೋಟು ಬದಲಿಸುವವನ ಬಳಿಗೋ ಒಯ್ದು, ಕಳೆದ ವಟ್ಟವನ್ನು ಅವರು ಕೀರ್ದಿಯಲ್ಲಿ ತಮ್ಮ ಹೆಸರಿಗೇ ಬರೆಯುತ್ತಿದ್ದರು. ಕಾಲೇಜಿನಲ್ಲಿ ಓದುತ್ತಿದ್ದ ನಾನು, ನಮಗೆ ಕೊಟ್ಟವರು ಬೇರೊಬ್ಬರಾದ ಮೇಲೆ ನಾವೇಕೆ ನಷ್ಟ ಹೊರಬೇಕೆಂದು ವಾದಿಸಿದ್ದೆ. ಅವರು ಉತ್ತರ ಕೊಡುವ ಗೋಜಿಗೆ ಹೋಗಿರಲಿಲ್ಲ.

ಆ ರಾತ್ರಿ ನನ್ನೊಳಗಿನ ವಕೀಲನು ತತ್ತ್ವಾರ್ಥಸೂತ್ರವನ್ನೇ ಆಶ್ರಯಿಸಿದನು. ಪ್ರತಿರೂಪಕ ವ್ಯವಹಾರವೆಂಬ ಅತಿಚಾರವು ಕೃತಕ ಹೊನ್ನು ಮೊದಲಾದವುಗಳಿಗೆ ಸಂಬಂಧಿಸಿದ್ದು. ನನ್ನ ನೋಟು ಕೃತಕವಲ್ಲ, ಅಮೆರಿಕ ಸರಕಾರದ್ದೇ. ಆದರೆ ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಅದನ್ನು ವಿವರಿಸುವಾಗ ವಂಚನೆಯನ್ನು ಸೇರಿಸಿ ಹೇಳಿದ್ದಾರೆ. ನೋಟು ಸಾಚಾ ಆಗಿತ್ತು. ಮಡಿಕೆ ನನ್ನದಾಗಿತ್ತು. 420 ರೂಪಾಯಿಗೆ ಸೋಲದವನು 1,660 ರೂಪಾಯಿಗೆ ಸೋತಿದ್ದೆ.

ಬೆಳಿಗ್ಗೆ ರಿಕ್ಷಾಗಳು ನಿಲ್ಲುವ ಮರದ ಕೆಳಗೆ ಅವನು ಸಿಕ್ಕನು. ಹರಕು ಇಂಗ್ಲಿಷಿನಲ್ಲಿ ನೋಟಿನ ವಿಷಯ ಎತ್ತಿದೆ. ಅವನು ನಕ್ಕನು. ನೋಟು ಬದಲಿಸುವವಳು ಎರಡು ಡಾಲರು ಮುರಿದುಕೊಂಡು ಹದಿನೆಂಟು ಕೊಟ್ಟಳಂತೆ. "ನಿಮಗೆ ಗೊತ್ತಿರಲಿಲ್ಲ, ಅಲ್ಲವೆ?" ಎಂದನು.

ಎಂತಹ ಸುಲಭವಾದ ದಾರಿಯನ್ನು ಅವನು ತೆರೆದಿಟ್ಟಿದ್ದನು! ತಲೆಯಾಡಿಸಿದ್ದರೆ ಸಾಕಾಗಿತ್ತು. "ಗೊತ್ತಿತ್ತು" ಎಂದೆ. ಅವನ ನಗು ಹೋಯಿತು. ಎರಡು ಡಾಲರಿಗೆ ಅಲ್ಲಿಯ ಲೆಕ್ಕದಂತೆ 8,000 ರಿಯೆಲ್ ಕೊಟ್ಟೆ. ಎಣಿಸಿ ಜೇಬಿಗಿಟ್ಟುಕೊಂಡನು. ಆ ದಿನವೂ ನಮ್ಮನ್ನು ಕರೆದೊಯ್ಯುವೆಯಾ ಎಂದು ಕೇಳಿದಾಗ ಬೇರೆ ಬಾಡಿಗೆ ಇದೆಯೆಂದನು. ಇತ್ತೋ ಇಲ್ಲವೋ, ಕೇಳುವ ಮುಖ ನನಗಿರಲಿಲ್ಲ.

ಆ ಮೇಲೆ ನೂರು ಡಾಲರನ್ನು ರಿಯೆಲ್ಲಿಗೆ ಬದಲಿಸಿಕೊಂಡು, ರಿಕ್ಷಾ, ಎಳನೀರು, ಸಂತೆಯ ಹಣ್ಣು ಎಲ್ಲಕ್ಕೂ ಅದನ್ನೇ ಕೊಟ್ಟೆ. ವಿನಿಮಯದವನು ಡಾಲರಿಗೆ ನಾಲ್ಕು ಸಾವಿರಕ್ಕಿಂತ ತುಸು ಹೆಚ್ಚು ಕೊಡುತ್ತಾನೆ, ಅಂಗಡಿಯವರು ಸುಲಭಕ್ಕಾಗಿ ನಾಲ್ಕು ಸಾವಿರವೆಂದೇ ಎಣಿಸುತ್ತಾರೆ. ಅದರಲ್ಲಿ ಗಿರಾಕಿಗೆ ಲಾಭವೇ. ಆದರೆ ನನ್ನ ಲೆಕ್ಕ ಬೇರೆಯಾಗಿತ್ತು. ಡಾಲರು ಕೈಯಿಂದ ಕೈಗೆ ಇಳಿಯುತ್ತ ಹೋಗುವಾಗ, ಹರಿದ ಹೊತ್ತಿಗೆ ಅದು ಯಾರ ಕೈಯಲ್ಲಿದೆಯೋ ಅವರು ನಷ್ಟ ಹೊರುತ್ತಾರೆ. ಬಿಚ್ಚಿ ನೋಡಲು ಸಂಕೋಚಪಡುವವರೇ ಹೆಚ್ಚಾಗಿ ಕೊನೆಯವರು. ದೊಡ್ಡ ವಸತಿಗೃಹಕ್ಕೆ ಡಾಲರು ಕೊಡಿರಿ, ಅವರು ಬೆಳಕಿಗೆ ಹಿಡಿದು ನೋಡಬಲ್ಲರು.

ಊರಿಗೆ ಮರಳಿ ಪ್ರವಾಸದ ಖರ್ಚು ಬರೆಯುವಾಗ ತೀರ್ಥರೂಪರ ಹಳೆಯ ಕೀರ್ದಿಯನ್ನು ತೆಗೆದು ನೋಡಿದೆ. ಅವರು ಬಳಸುತ್ತಿದ್ದ ಶೀರ್ಷಿಕೆಯನ್ನೇ ಹಾಕಿದೆ: ಹರಕು ನೋಟಿನ ವಟ್ಟ, ಡಾಲರು 2. ಖರ್ಚಾಗದೆ ಉಳಿದ 6,300 ರಿಯೆಲ್ಲನ್ನು ನಮ್ಮೂರಿನಲ್ಲಿ ಯಾರೂ ಬದಲಿಸಿಕೊಡಲಿಲ್ಲ. ಅದು ಮೊಮ್ಮಗಳ ಪಾಲಾಯಿತು.