ಕ್ರೂಸರಿನಲ್ಲಿ ಎರಡು ರಾತ್ರಿ, ಹಿನ್ನೀರಿನ ದಂಡೆಗುಂಟ

ವ್ಯಾನಿನಲ್ಲೇ ಮಲಗಿ, ವ್ಯಾನಿನಲ್ಲೇ ಅಡುಗೆ ಮಾಡಿಕೊಂಡು ಫಿನ್ಲೆಂಡಿನ ಸರೋವರಗಳ ದಂಡೆಗುಂಟ ತಿರುಗುವ ಗಂಡ-ಹೆಂಡತಿಯ ವಿಡಿಯೋವನ್ನು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದವಳು ರಬಕವಿಯವಳು. ಜಮಖಂಡಿಯವನು ಅದರ ಕೆಳಗೆ ‘ನೀರು ನಮ್ಮಲ್ಲೂ ಐತಲ್ಲ, ಹೋಗೂಣೇನು?’ ಎಂದು ಬರೆದ. ಮುಧೋಳದವಳು ಎರಡು ದಿನ ಉತ್ತರ ಕೊಡಲಿಲ್ಲ. ಬೀಳಗಿಯವನು ಹೆಬ್ಬೆರಳು ತೋರಿಸಿ ಸುಮ್ಮನಾದ. ನಾವು ನಾಲ್ವರೂ ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವುದು ತರಗತಿಯ ಕಾಲದ ರೂಢಿ. ಈ ಬರಹದಲ್ಲೂ ಹಾಗೇ ಇರಲಿ.

ಫಿನ್ಲೆಂಡಿನಲ್ಲಿ 1 ಲಕ್ಷ 80 ಸಾವಿರಕ್ಕೂ ಹೆಚ್ಚು ಸರೋವರಗಳಿವೆಯಂತೆ. ಹಿಮಯುಗದ ಹಿಮ ನೆಲವನ್ನು ಕೆತ್ತಿ ಹೋದ ಗುಳಿಗಳಲ್ಲಿ ನಿಂತ ನೀರು ಅದು. ನಮ್ಮ ಕಡೆಯ ದೊಡ್ಡ ನೀರಿಗೆ ಅಷ್ಟು ವಯಸ್ಸಾಗಿಲ್ಲ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದಲ್ಲಿ. ಬೀಳಗಿಯವನಿಗೂ ಈ ನೀರಿಗೂ ಹೆಚ್ಚು-ಕಡಿಮೆ ಒಂದೇ ವಯಸ್ಸು. ಅವನು ಹುಟ್ಟಿದ್ದೇ ಪುನರ್ವಸತಿ ಕೇಂದ್ರದಲ್ಲಿ.

ಮೊದಲು ಬೆಂಗಳೂರಿನ ಕ್ಯಾರವಾನ್ ಬಾಡಿಗೆಯನ್ನು ವಿಚಾರಿಸಿದೆವು. ಒಂದು ದಿನದ ದರ ಕೇಳಿ ಫೋನ್ ಇಟ್ಟೆವು. ಆಮೇಲೆ ಬನಹಟ್ಟಿಯಲ್ಲಿ ಒಬ್ಬರ ಹತ್ತಿರ ಕ್ರೂಸರ್ ಇದೆ ಎಂದು ಗೊತ್ತಾಯಿತು. ಮದುವೆ ದಿಬ್ಬಣ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ನಮ್ಮ ಕಡೆ ಕ್ರೂಸರೇ. ‘ಗಾಡಿ ಅಷ್ಟ ಕೊಡ್ರಿ, ನಾವ ಓಡಸ್ತೀವಿ’ ಎಂದರೆ ಒಪ್ಪಲಿಲ್ಲ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಹಳದಿ ಬೋರ್ಡಿನ ಗಾಡಿಗೆ ಡ್ರೈವರ್ ಬೇಕೇಬೇಕು ಎಂದು ಮಾಲೀಕರು ಖಡಕ್ಕಾಗಿ ಹೇಳಿದರು. ಹೀಗೆ ಸಿಕ್ಕವರು ಕಾಕಾ. ಕಿಲೋಮೀಟರಿಗೆ ಇಷ್ಟು, ಡ್ರೈವರ್ ಭತ್ಯೆ ದಿನಕ್ಕಿಷ್ಟು ಎಂದು ಮಾತಾಯಿತು. ನೀವು ಹೋಗುವುದಿದ್ದರೆ ಒಂದು ಮಾತು: ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ ಹಿಡಿಯುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ನಿಂತು ನೀರು ನೋಡುವವರಿಗೆ ಬಾಡಿಗೆ ತುಟ್ಟಿಯಾಗುವುದು ಅಲ್ಲೇ.

ಕ್ರೂಸರಿನ ಹಿಂಭಾಗದಲ್ಲಿ ಎದುರುಬದುರು ಎರಡು ಉದ್ದ ಸೀಟುಗಳಿರುತ್ತವೆ. ಅವುಗಳ ನಡುವೆ ಪ್ಲೈವುಡ್ ಹಲಗೆ ಇಟ್ಟು ಮೇಲೆ ಗಾದಿ ಹಾಸಿದೆವು. ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನು, ಐದು ಕೆಜಿಯ ಸಿಲಿಂಡರ್, ಒಂದು ಬುಟ್ಟಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಹುಡುಗಿಯರು ಗಾಡಿಯಲ್ಲಿ, ಹುಡುಗರು ಕೆಳಗೆ ತಾಡಪಾಲಿನ ಮೇಲೆ, ಕಾಕಾ ತಮ್ಮ ಸೀಟಿನಲ್ಲಿ. ಮನೆಗಳಲ್ಲಿ ಒಪ್ಪಿಸಲು ಒಂದು ವಾರ ಹಿಡಿಯಿತು. ಅದನ್ನೇ ಬರೆದರೆ ಬೇರೆ ಲೇಖನವಾದೀತು.

ಮೊದಲ ರಾತ್ರಿ ಕೆಟ್ಟಿತು. ನದಿಗೆ ಹತ್ತಿರದ ಒಂದು ಜಾಗದಲ್ಲಿ ಗಾಡಿ ನಿಲ್ಲಿಸಿ ಒಲೆ ಹೊತ್ತಿಸುವಷ್ಟರಲ್ಲಿ ಕಾವಲುಗಾರ ಬಂದು ಎಬ್ಬಿಸಿದ. ಮುಂದೆ ಒಂದು ಊರಿನ ಹೊರಗೆ, ಬೇವಿನ ಮರದ ಕೆಳಗೆ ನಿಂತೆವು. ಅರ್ಧ ಗಂಟೆಯಲ್ಲಿ ಮೂರು ಬೈಕು ಬಂದವು. ಯಾವ ಊರವರು, ಈ ಹುಡುಗಿಯರು ನಿಮಗೇನಾಗಬೇಕು, ಇಲ್ಲಿ ಯಾಕೆ ಮಲಗುತ್ತೀರಿ? ಪತ್ರಕರ್ತರು ಎಂದರೆ ಸಂಶಯ ಇನ್ನೂ ಹೆಚ್ಚಾಯಿತು. ಕೊನೆಗೆ ಪೆಟ್ರೋಲ್ ಬಂಕಿನ ದೀಪದ ಕೆಳಗೆ, ಲಾರಿಗಳ ನಡುವೆ ಬೆಳಗು ಮಾಡಿದೆವು. ಬಂಕಿನಲ್ಲಿ ಶೌಚಾಲಯವಾದರೂ ಇತ್ತು. ‘ಫಿನ್ಲೆಂಡಿನ ವಿಡಿಯೋದಾಗ ಇದನ್ನ ಯಾರೂ ತೋರ್ಸೂದಿಲ್ಲ’ ಎಂದಳು ಮುಧೋಳದವಳು.

ಮರುದಿನ ಚಿಕ್ಕಪಡಸಲಗಿ. ಸರ್ಕಾರವನ್ನು ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲು-ಮಣ್ಣು ಹೊತ್ತು 1989ರಲ್ಲಿ ಕಟ್ಟಿಕೊಂಡ ಬ್ಯಾರೇಜು ಇದು, ಶ್ರಮಬಿಂದು ಸಾಗರ. ತರಗತಿಯಲ್ಲಿ ಇದರ ಬಗ್ಗೆ ಪ್ರಬಂಧ ಬರೆದು ಅಂಕ ಪಡೆದವರು ನಾವು. ಕಾಕಾ ಗಾಡಿಯಿಂದ ಇಳಿದು ಗೋಡೆಯ ಮೇಲೆ ಕೈಯಿಟ್ಟು, ‘ನಾನೂ ಇಲ್ಲಿ ಹದಿನೈದು ದಿನ ದುಡದೇನ್ರಿ. ಆಗ ಮೀಸಿನೂ ಬಂದಿರಲಿಲ್ಲ’ ಎಂದರು. ಊಟಕ್ಕೆ ಏನು ಕೊಡುತ್ತಿದ್ದರು, ಯಾರು ಕರೆದುಕೊಂಡು ಬಂದಿದ್ದರು ಎಂದು ಕೇಳುತ್ತ ಒಂದು ತಾಸು ಅಲ್ಲೇ ಕುಳಿತೆವು. ನಮ್ಮ ಪ್ರಬಂಧದಲ್ಲಿ ಊಟದ ಮಾತೇ ಇರಲಿಲ್ಲ.

ಗಲಗಲಿ ದಾಟಿ, ಬೀಳಗಿಯವನ ಮನೆಯಲ್ಲಿ ಚಹಾ ಕುಡಿದು ಹೊರಡುವುದೆಂದಿತ್ತು. ಅವನ ಅವ್ವ ಗಾಡಿಯ ಹಿಂದಿನ ಬಾಗಿಲು ತೆಗೆದು ಗಾದಿಯನ್ನು ಒತ್ತಿ ನೋಡಿದರು. ‘ಇದರಾಗ ಮಲಗಿ ಹೋಗಾಕ ಬರ್ತೈತೇನು? ಹಂಗಾರ ಆಯೀನ ಕರಕೊಂಡು ಹೋಗ್ರಿ.’

ಆಯಿ ಎಂದರೆ ಅವನ ಅಜ್ಜಿ. ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಬಸ್ಸು ಹತ್ತಿಲ್ಲ, ಬೈಕಂತೂ ಆಗುವುದೇ ಇಲ್ಲ. ಬೇಸಿಗೆಯಲ್ಲಿ ನೀರು ಸರಿದಾಗ ಹಳೇ ಊರಿನ ಜಾಗ ಕಾಣುತ್ತದೆ, ಒಮ್ಮೆ ತೋರಿಸಿ ಎಂದು ವರ್ಷವರ್ಷ ಕೇಳುತ್ತಿದ್ದರಂತೆ. ‘ನನಗ ಹೇಳೇ ಇಲ್ಲಲ್ಲ’ ಎಂದ ಮೊಮ್ಮಗ. ‘ನೀ ಯಾವಾಗ ಕೇಳಿದಿ?’ ಎಂದರು ಅವ್ವ. ಅವನು ಎರಡು ವರ್ಷ ಜಿಲ್ಲೆಯ ತುಂಬಾ ಮುಳುಗಡೆ ಊರುಗಳ ಸುದ್ದಿ ಬರೆದವನು. ನಾವು ಮೂವರೂ ಚಹಾದ ಕಪ್ಪು ನೋಡುತ್ತ ಕುಳಿತೆವು. ನಮ್ಮ ಮನೆಗಳಲ್ಲೂ ಕೇಳದೆ ಬಿಟ್ಟವು ಇದ್ದವು.

ಆಯಿಯನ್ನು ಕಾಕಾ ಮತ್ತು ಮೊಮ್ಮಗ ಎತ್ತಿ ಗಾದಿಯ ಮೇಲೆ ಮಲಗಿಸಿದರು. ಹತ್ತು ನಿಮಿಷದಲ್ಲಿ ಆಯಿ ಎದ್ದು ದಿಂಬಿಗೆ ಒರಗಿ ಕುಳಿತು ಗಾಡಿಯನ್ನೆಲ್ಲ ತಪಾಸಣೆ ಮಾಡಿದರು. ನೀರು ಎಲ್ಲಿ, ಒಲೆ ಎಲ್ಲಿ, ಅರಿವೆ ಎಲ್ಲಿ ಒಣಗಿಸುತ್ತೀರಿ. ‘ಇದಕ್ಕ ಏನಂತಾರ?’ ರಬಕವಿಯವಳು ‘ಕ್ಯಾಂಪರ್ ವ್ಯಾನ್’ ಅಂದಳು. ಆಯಿ ನಕ್ಕರು. ‘ಇದರಾಗ ಹೊಸಾದೇನೈತಿ? ನಾವು ಕೊಲ್ಲಾರಿ ಬಂಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕ ಹೋಗತಿದ್ದಿಲ್ಲೇನು?’ ಬನದ ಹುಣ್ಣಿಮೆಗೆ ಏಳೆಂಟು ಬಂಡಿ ಕೂಡಿ ಹೊರಡುತ್ತಿದ್ದವಂತೆ. ಬಂಡಿಯ ಕೆಳಗೆ ತೊಟ್ಟಿಲು ಕಟ್ಟುತ್ತಿದ್ದರು, ಮೇವು ಹಿಂದೆ, ಹಿಟ್ಟಿನ ಚೀಲ ಮುಂದೆ. ಎತ್ತು ನಿಂತಲ್ಲಿ ಅಡುಗೆ. ಯಾವ ಊರಲ್ಲೂ ಯಾರೂ ಎಬ್ಬಿಸುತ್ತಿರಲಿಲ್ಲವೆ ಎಂದು ಕೇಳಿದೆವು. ‘ಎಬ್ಬಸ್ತಿದ್ರು, ಅಂಬಲಿ ಕುಡೀರಿ ಅಂತ.’

ಸಂಜೆ ನೀರಿನ ದಂಡೆಗೆ ಹೋಗುವಾಗ ಡಾಂಬರು ಬಿಟ್ಟು ಇನ್ನೂರು ಮಾರು ಒಳಗೆ ಇಳಿದೆವು. ತಪ್ಪು ನಮ್ಮದೇ. ಎರೆ ಮಣ್ಣು ಮೇಲೆ ಬಿರುಕು ಬಿಟ್ಟು ಒಣಗಿ ಕಾಣುತ್ತಿತ್ತು, ಒಳಗೆ ಬೆಣ್ಣೆಯಂತಿತ್ತು. ಹಿಂದಿನ ಗಾಲಿ ಅರ್ಧ ಹೂತಿತು. ಕಾಕಾ ಮೊದಲ ಸಲ ಸಿಟ್ಟಿಗೆದ್ದರು. ಟ್ರ್ಯಾಕ್ಟರ್ ತಂದ ಹುಡುಗ ಸರಪಳಿ ಹಾಕುವ ಮುಂಚೆ ಗಾಡಿಯೊಳಗೆ ಇಣುಕಿ ನೋಡಿ, ‘ಆಯೀ, ನೀವು ಅವರ ಮನಿಯವರಲ್ಲ?’ ಎಂದ. ಅವನ ಅಜ್ಜ ಅದೇ ಹಳೇ ಊರವರು. ಆ ರಾತ್ರಿ ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ಅವನ ಮನೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ತಂಬಿಗೆ ಮಜ್ಜಿಗೆ ಬಂತು. ಹುಡುಗಿಯರಿಗೆ ಸ್ನಾನಕ್ಕೆ ಅವರ ಮನೆಯ ಬಚ್ಚಲೂ ಸಿಕ್ಕಿತು.

ನೀರಿನಲ್ಲಿ ಫ್ಲೆಮಿಂಗೊಗಳಿದ್ದವು, ಹತ್ತು-ಹನ್ನೆರಡು. ಹೆರಕಲ್ ಕಡೆ ಅವುಗಳ ದೊಡ್ಡ ಹಿಂಡುಗಳ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. ನಾವು ಕ್ಯಾಮೆರಾ ಹಿಡಿದು ಓಡಿದೆವು. ಆಯಿ ಕಣ್ಣಿಗೆ ಕೈ ಅಡ್ಡ ಇಟ್ಟು ನೋಡಿ, ‘ಇವು ನಾವು ಬಿಟ್ಟ ಮ್ಯಾಲೆ ಬಂದಾವು. ನಮ್ಮ ಕಾಲಕ್ಕ ಕೊಕ್ಕರಿ ಅಷ್ಟ’ ಎಂದು ಎಲೆ-ಅಡಿಕೆಯ ಚೀಲ ಬಿಚ್ಚಿದರು.

ರಾತ್ರಿ ಮಾತು ಉಳಿದ ಹೊಲದ ಕಡೆ ತಿರುಗಿತು. ಮುಳುಗಿದ್ದು ಮುಳುಗಿ, ಆ ಮನೆಗೆ ನಾಲ್ಕು ಎಕರೆ ಉಳಿದಿದೆ. ಅಣೆಕಟ್ಟನ್ನು 524.256 ಮೀಟರಿಗೆ ಏರಿಸಿದರೆ ಅದೂ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರ ನಿಗದಿ ಮಾಡಿದೆ. ಬೀಳಗಿಯವನ ಅಣ್ಣ ಆ ಹಣದ ಮೇಲೆ ವಿಜಯಪುರದಲ್ಲಿ ಸೈಟು ನೋಡಿದ್ದಾನೆ. ಅಪ್ಪ ಯಾವ ಕಾಗದಕ್ಕೂ ಸಹಿ ಹಾಕಲು ಒಲ್ಲೆ ಎನ್ನುತ್ತಾರೆ. ಇವನು ಯಾರ ಕಡೆ? ಸುದ್ದಿ ಬರೆಯುವಾಗ ಸಂತ್ರಸ್ತರ ಕಡೆ ಎಂದು ಸುಲಭವಾಗಿ ಬರೆಯುತ್ತಿದ್ದ. ಮನೆಯಲ್ಲಿ ಇಬ್ಬರೂ ಸಂತ್ರಸ್ತರೇ. ‘ಆಯೀ, ನೀ ಏನಂತಿ?’ ಎಂದು ಅವತ್ತು ಮೊದಲ ಸಲ ಕೇಳಿದ. ಆಯಿ ಬಹಳ ಹೊತ್ತು ಅಡಿಕೆ ಅಗಿದರು. ‘ಆಗಿನ ರೊಕ್ಕ ನಿಮ್ಮಜ್ಜ ಸೋದರತ್ತಿ ಲಗ್ನಕ್ಕ, ಬೋರ್‌ವೆಲ್ಲಿಗೆ ಕಳದ. ಬೋರಿಗೆ ನೀರು ಬೀಳಲಿಲ್ಲ. ಊರ ಮುಳುಗುವಷ್ಟು ನೀರು ಐತಿ, ಬೋರಿಗೆ ಇಲ್ಲ. ಈಗಿಂದೂ ಹಂಗ ಕಳೀಬ್ಯಾಡ್ರಿ. ಅಷ್ಟ ನನ್ನ ಮಾತು.’ ಸಹಿ ಹಾಕಬೇಕೋ ಬೇಡವೋ ಎಂದು ಮಾತ್ರ ಹೇಳಲಿಲ್ಲ.

ಬೆಳಿಗ್ಗೆ ಆರಕ್ಕೆ ಹಿಂದಿನ ಬಾಗಿಲು ತೆರೆದೆವು. ಆಯಿ ಕಾಲು ಇಳಿಬಿಟ್ಟು ಕುಳಿತರು. ನೀರು ಸಾಕಷ್ಟು ಹಿಂದೆ ಸರಿದಿತ್ತು. ಹಣಮಪ್ಪನ ಗುಡಿಯ ಕಟ್ಟೆ ಕಾಣುತ್ತಿತ್ತು, ಅದರಾಚೆ ಒಂದು ಸಾಲು ಬುನಾದಿ ಕಲ್ಲು, ಒಡೆದ ಒಂದು ಒಳಕಲ್ಲು. ಆಯಿ ಬೆರಳಿನಿಂದ ಓಣಿ ಎಣಿಸಿದರು. ಅದು ಕುಂಬಾರರ ಓಣಿ, ಅದರ ಬಲಕ್ಕೆ ಬಾವಿ, ಬಾವಿ ದಾಟಿ ಮೂರನೇ ಮನೆ. ಬೆರಳು ನಿಂತಲ್ಲಿ ನೀರಿತ್ತು, ಬೆಳಗಿನ ಬಿಸಿಲಿಗೆ ಹೊಳೆಯುತ್ತಿತ್ತು. ಮನೆಯ ಜಾಗ ಇನ್ನೂ ಹೊರಬಂದಿರಲಿಲ್ಲ. ಮೊಮ್ಮಗ ಚಪ್ಪಲಿ ಬಿಟ್ಟು ಮೊಣಕಾಲವರೆಗೆ ಇಳಿದು, ‘ಇಲ್ಲೇನು?’ ಎಂದು ಕೂಗಿದ. ‘ಇನ್ನೂ ಒಳಗ.’ ಇನ್ನಷ್ಟು ಹೋದ. ‘ಸಾಕು, ಬಾ. ಕೆಸರೈತಿ’ ಎಂದರು.

ಆಮೇಲೆ ಕೊರ್ತಿ-ಕೊಲ್ಹಾರ ಸೇತುವೆ ದಾಟಿ, ಮಣ್ಣಿನ ಗಡಿಗೆಯ ಕೊಲ್ಹಾರದ ಮೊಸರು ಕೊಂಡು, ಆಯಿಯನ್ನು ಮನೆಗೆ ಬಿಟ್ಟೆವು. ಮುಧೋಳದ ದಾರಿಯಲ್ಲಿ ಯಡಹಳ್ಳಿ ಚಿಂಕಾರ ಅಭಯಾರಣ್ಯದ ಅಂಚಿನಲ್ಲಿ ಒಂದು ಚಿಂಕಾರವೂ ಕಾಣಲಿಲ್ಲ. ತಿಮ್ಮಾಪುರದ ಶ್ವಾನ ಕೇಂದ್ರಕ್ಕೆ ಹೋಗಲು ಹೊತ್ತಾಗಿತ್ತು. ಯಾರಿಗೂ ಬೇಸರವಾಗಲಿಲ್ಲ.

ಮನೆಯ ಮುಂದೆ ಇಳಿಸುವಾಗ ಆಯಿ ಕಾಕಾನ ಹತ್ತಿರ ದಿನದ ಬಾಡಿಗೆ ಎಷ್ಟೆಂದು ಕೇಳಿ, ಮೊತ್ತ ಕೇಳಿ ನಮ್ಮನ್ನು ಬೈದಿದ್ದರು. ಬೈದು ಮುಗಿಸಿ, ಈ ಸಲ ಅವಸರ ಮಾಡಿದಿರಿ, ಜೂನ್ ಮೊದಲ ವಾರ ಬರಬೇಕಿತ್ತು, ಮಹಾರಾಷ್ಟ್ರದ ಮಳೆ ನೀರು ಬರುವ ಮುಂಚೆ ಇನ್ನೂ ಇಳಿದಿರುತ್ತದೆ ಎಂದಿದ್ದರು. ಕಾಕಾ ಡ್ಯಾಶ್‌ಬೋರ್ಡಿನ ಡೈರಿ ತೆಗೆದು ಮುಂದಿನ ವರ್ಷದ ಜೂನ್ 2 ಎಂದು ಬರೆದುಕೊಂಡರು. ಮುಂಗಡ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಹಲಗೆ ಮಾತ್ರ ತಮ್ಮ ಹತ್ತಿರವೇ ಇರಲಿ ಎಂದರು.