ಬಿಸಿಲು ಬೇರೆ, ಸೆಕೆ ಬೇರೆ

ಬಹರೈನಿನಲ್ಲಿ ಇರುವವರಿಗೆ ಬೇಸಿಗೆಯ ಬಗ್ಗೆ ಲೇಖನ ಬರೆದುಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆಯೇ ಸರಿ. ಕಾರಿನ ಸ್ಟಿಯರಿಂಗ್ ಮುಟ್ಟಿ ಕೈ ಸುಟ್ಟುಕೊಂಡವರು, ತಣ್ಣೀರಿನ ನಲ್ಲಿ ತಿರುಗಿಸಿ ಬಿಸಿನೀರಿನ ಸ್ನಾನ ಮಾಡಿದವರು ನಾವೆಲ್ಲ. ಆದರೂ ಈ ಬಿಸಿಯ ವಿಷಯದಲ್ಲಿ ಒಂದು ಮಾತನ್ನು ಸಂಘದ ಬಂಧುಗಳ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಕನ್ನಡದಲ್ಲಿ ಬೇಸಿಗೆಯ ತಾಪಕ್ಕೆ ಹೆಸರುಗಳು ಹಲವು: ಬಿಸಿಲು, ಝಳ, ಧಗೆ, ಕಾವು, ಉರಿ, ಸೆಕೆ. ಇವೆಲ್ಲ ಒಂದೇ ಅಲ್ಲ. ಕಲಬುರ್ಗಿ, ರಾಯಚೂರಿನವರಿಗೆ ಗೊತ್ತಿರುವುದು ಬಿಸಿಲು. ಮಂಗಳೂರು, ಉಡುಪಿ, ಕಾರವಾರದ ಕಡೆಯ ನಮಗೆ ಗೊತ್ತಿರುವುದು ಸೆಕೆ. ಕಲಬುರ್ಗಿಯಿಂದ ಬಂದು ಇಲ್ಲಿ ಮೊದಲ ಆಗಸ್ಟ್ ಕಳೆದ ನನ್ನ ಮಿತ್ರರೊಬ್ಬರು, "ನಮ್ಮ ಕಡೆ ನಲ್ವತ್ನಾಲ್ಕು ಡಿಗ್ರಿ ಬಿಸಲಾಗ ಮಂದಿ ಹೊಲದಾಗ ಕೆಲಸ ಮಾಡತಾರ್ರೀ. ಇಲ್ಲಿ ಮೂವತ್ತೈದಕ್ಕ ಉಸಿರು ಕಟ್ಟಿಧಂಗ ಆಗತದ, ಏನಿದು?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕೆವು. ಆದರೆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ.

ಉತ್ತರ ನಮ್ಮ ಅಡುಗೆಮನೆಯ ಮಣ್ಣಿನ ಮಡಕೆಯಲ್ಲಿದೆ. ಮಡಕೆಯ ನೀರು ತಣ್ಣಗಾಗುವುದು ಅದರ ಮೈಯಿಂದ ಜಿನುಗಿದ ನೀರು ಆರುವುದರಿಂದ. ನೀರು ಆವಿಯಾಗಲು ಶಾಖ ಬೇಕು, ಆ ಶಾಖವನ್ನು ಅದು ಮಡಕೆಯಿಂದ ಎಳೆದುಕೊಳ್ಳುತ್ತದೆ. ಬಿಜಾಪುರದ ಒಣಗಾಳಿಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ. ಅದೇ ಮಡಕೆಯನ್ನು ಮೇ ತಿಂಗಳಲ್ಲಿ ಮಂಗಳೂರಿಗೆ ತಂದಿಟ್ಟರೆ ನೀರು ಹೆಸರಿಗಷ್ಟೇ ತಂಪು. ಗಾಳಿಯಲ್ಲೇ ನೀರು ತುಂಬಿರುವಾಗ ಮಡಕೆಯ ನೀರು ಹೋಗುವುದಾದರೂ ಎಲ್ಲಿಗೆ? ನಮ್ಮ ದೇಹವೂ ಇಂಥದೇ ಒಂದು ಮಡಕೆ. ಒಳಗೆ 37 ಡಿಗ್ರಿ, ಚರ್ಮದ ಮೇಲೆ ಸುಮಾರು 35. ಬೆವರು ಆರಿದರೆ ದೇಹ ತಣಿಯುತ್ತದೆ. ಬೆವರು ಆರದೆ ಸುರಿದು ಹೋದರೆ ನೀರು, ಉಪ್ಪು ಎರಡೂ ನಷ್ಟ, ತಂಪು ಮಾತ್ರ ಇಲ್ಲ.

ಇದನ್ನು ಅಳೆಯುವ ಉಪಾಯ ಬಹಳ ಹಳೆಯದು. ಹೈಸ್ಕೂಲಿನ ವಿಜ್ಞಾನದ ಕೋಣೆಯಲ್ಲಿ ಗೋಡೆಗೆ ತೂಗುಹಾಕಿದ್ದ ಜೋಡಿ ಥರ್ಮಾಮೀಟರು ನೆನಪಿರಬಹುದು. ಒಂದರ ಬುಡ ಬರಿದಾಗಿ, ಇನ್ನೊಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ. ಆ ಒದ್ದೆ ಥರ್ಮಾಮೀಟರು ತೋರಿಸುವುದಕ್ಕೆ ವೆಟ್ ಬಲ್ಬ್ ಉಷ್ಣತೆ ಎನ್ನುತ್ತಾರೆ. ಬೆವರಿದ ಮನುಷ್ಯ ಹೆಚ್ಚೆಂದರೆ ಎಷ್ಟು ತಣ್ಣಗಾಗಬಹುದು ಎಂಬುದರ ಲೆಕ್ಕ ಅದು. ಮಗಳ ಶಾಲೆಯ ವಿಜ್ಞಾನ ಪ್ರದರ್ಶನದ ನೆಪದಲ್ಲಿ ನಾನೂ ಅಂಥದ್ದೊಂದನ್ನು ನಮ್ಮ ಬಾಲ್ಕನಿಯ ನೆರಳಿನಲ್ಲಿ ಕಟ್ಟಿದೆ. ಒದ್ದೆ ಬಟ್ಟೆಗೆ ಬದಲಾಗಿ ದೇವರ ದೀಪಕ್ಕೆಂದು ಊರಿನಿಂದ ತಂದ ಹತ್ತಿಯ ಬತ್ತಿ. ಅದರ ಇನ್ನೊಂದು ತುದಿ ಒಂದು ಪುಟ್ಟ ಕುಪ್ಪಿಯ ನೀರಿನಲ್ಲಿ. ಪ್ರದರ್ಶನ ಮುಗಿದರೂ ನನಗೆ ಅದನ್ನು ಬಿಚ್ಚಲು ಮನಸ್ಸಾಗಲಿಲ್ಲ. ಹೆಂಡತಿ ಅದಕ್ಕೆ 'ನಿಮ್ಮ ಎರಡನೆಯ ಪೂಜೆ' ಎಂದು ಹೆಸರಿಟ್ಟಿದ್ದಾಳೆ.

ಜೂನ್ ತಿಂಗಳ ಒಂದು ಮಧ್ಯಾಹ್ನ, ಶಮಾಲ್ ಗಾಳಿ ಧೂಳೆಬ್ಬಿಸುತ್ತಿದ್ದಾಗ, ಒಣ ಥರ್ಮಾಮೀಟರು 43 ತೋರಿಸಿತು, ಒದ್ದೆಯದು 23. ಒಗೆದು ಹಾಕಿದ ಬಟ್ಟೆ ನೋಡನೋಡುತ್ತ ಒಣಗಿದ ದಿನ ಅದು. ಆಗಸ್ಟಿನ ಒಂದು ರಾತ್ರಿ, ಊಟವಾದ ಮೇಲೆ ನೋಡಿದರೆ ಒಣ ಥರ್ಮಾಮೀಟರು 35, ಒದ್ದೆಯದು 31! ಕಿಟಕಿಯ ಗಾಜಿನ ಹೊರಮೈಯಿಂದ ನೀರು ಇಳಿಯುತ್ತಿತ್ತು. ಸೂರ್ಯನೇ ಇಲ್ಲದ ಆ ರಾತ್ರಿ ನಮ್ಮ ದೇಹದ ಪಾಲಿಗೆ ಜೂನಿನ ನಡುಹಗಲಿಗಿಂತ ಕಠಿಣವಾಗಿತ್ತು. ನನ್ನದು ಪ್ರಯೋಗಶಾಲೆಯ ಉಪಕರಣವಲ್ಲ, ಒಂದು ಡಿಗ್ರಿ ಅತ್ತಿತ್ತ ಆಗಿರಬಹುದು. ಆದರೂ ಕಲಬುರ್ಗಿಯ ಮಿತ್ರರಿಗೆ ಕರೆದು ತೋರಿಸಲು ಅಷ್ಟು ಸಾಕಾಯಿತು.

ಇಷ್ಟು ತೇವ ಎಲ್ಲಿಂದ ಬರುತ್ತದೆ? ಮಳೆಯಂತೂ ಇಲ್ಲ. ಸುತ್ತಲಿನ ಸಮುದ್ರದಿಂದ. ಈ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ, ಅಂದರೆ ಮನಾಮದ ಹತ್ತು ಹನ್ನೆರಡು ಅಂತಸ್ತಿನ ಕಟ್ಟಡದಷ್ಟು. ಹೊರಗಿನ ಸಮುದ್ರಕ್ಕೆ ಇರುವ ಬಾಗಿಲು ಹೋರ್ಮುಜ್ ಜಲಸಂಧಿಯೊಂದೇ. ಅಗಲವಾದ ತಟ್ಟೆಯಲ್ಲಿ ಹೊಯ್ದ ಗಂಜಿ ಬೇಗ ಆರುವಂತೆ, ಬಿಸಿಲಿಗಿಟ್ಟರೆ ಬೇಗ ಕಾಯುವುದೂ ಅದೇ. ಆಗಸ್ಟಿನಲ್ಲಿ ಇದರ ಮೇಲ್ಮೈ ನೀರು 35 ಡಿಗ್ರಿಯ ಹತ್ತಿರ ಹೋಗುತ್ತದೆ. 1996 ಮತ್ತು 1998ರ ಬೇಸಿಗೆಗಳಲ್ಲಿ ಇಲ್ಲಿನ ನೀರು ಮಾಮೂಲಿಗಿಂತ ಹೆಚ್ಚು ಕಾದು, ಬಹರೈನ್ ಸುತ್ತಲಿನ ಹವಳದ ದಿಬ್ಬಗಳು ಬಿಳಿಚಿಕೊಂಡು ಬಹುಪಾಲು ಸತ್ತವು. ಬಿಸಿನೀರಿಗೆ ಹೊಂದಿಕೊಂಡು ಸಾವಿರಾರು ವರ್ಷ ಬದುಕಿದ್ದ ಹವಳಗಳು ಅವು.

ಇನ್ನು ಭೂಮಿಯ ಕಾವಿನ ಕಥೆ. ಇದು ಇತ್ತೀಚಿನ ಫ್ಯಾಷನ್ ಎಂದು ಹೇಳುವವರು ನಮ್ಮಲ್ಲೂ ಇದ್ದಾರೆ. ಕಲ್ಲಿದ್ದಲು ಸುಟ್ಟ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಭೂಮಿಗೆ ಕಂಬಳಿಯಂತಾಗುತ್ತದೆ ಎಂದು ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಸ್ವಾಂತೆ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ! ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಲ್ಲಿ ಅಳೆಯಲು ಆರಂಭಿಸಿದಾಗ 315ರಷ್ಟು. ಈಗ 420ನ್ನು ದಾಟಿದೆ. ಕಾರ್ಖಾನೆಗಳ ಯುಗಕ್ಕೆ ಮುಂಚಿನ ಲೆಕ್ಕಕ್ಕಿಂತ ಭೂಮಿಯ ಸರಾಸರಿ ಉಷ್ಣತೆ ಇಡೀ ವರ್ಷ ಒಂದೂವರೆ ಡಿಗ್ರಿಗಿಂತ ಹೆಚ್ಚಿದ್ದ ಮೊದಲ ವರ್ಷ 2024.

ಒಂದೂವರೆ ಡಿಗ್ರಿ ಏನು ಮಹಾ, ಏ.ಸಿ.ಯ ರಿಮೋಟಿನಲ್ಲಿ ಅದಕ್ಕಿಂತ ಹೆಚ್ಚು ಒತ್ತುತ್ತೇವೆ ಎನ್ನಬಹುದು. ಇಲ್ಲೇ ಸೆಕೆಯ ಲೆಕ್ಕ ಬರುವುದು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಕಾದ ಆಳವಿಲ್ಲದ ಸಮುದ್ರದ ನಡುವೆ ಇರುವ ದ್ವೀಪಕ್ಕೆ ಆ ನೀರಾವಿಯ ಕೊರತೆ ಇಲ್ಲ. ಮೇಲಾಗಿ ನೀರಾವಿಯೂ ಒಂದು ಕಂಬಳಿಯೇ. ರಾತ್ರಿಯ ಹೊತ್ತು ನೆಲದ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ.

ನಮ್ಮ ಪಕ್ಕದ ಉದಾಹರಣೆಯನ್ನೇ ನೋಡಿ. ಕಾಸ್‌ವೇ ದಾಟಿದರೆ ಸಿಗುವ ಧಹ್ರಾನಿನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದು 35 ಡಿಗ್ರಿ ಎಂದು ದಾಖಲಾಯಿತು. ಫ್ರಿಜ್ಜಿನಿಂದ ತೆಗೆದ ಲೋಟದ ಮೇಲೆ ನೀರಿನ ಹನಿ ಕಟ್ಟುವುದು ಗೊತ್ತಿದೆಯಲ್ಲ? ಆ ದಿನ ಅಲ್ಲಿ 35 ಡಿಗ್ರಿಯಷ್ಟು ಬಿಸಿ ಇರುವ ಲೋಟದ ಮೇಲೂ ಹನಿ ಕಟ್ಟಬಹುದಿತ್ತು. ಅಂದರೆ 35 ಡಿಗ್ರಿಯ ನಮ್ಮ ಚರ್ಮದ ಮೇಲೂ! ಒದ್ದೆ ಥರ್ಮಾಮೀಟರು 35 ದಾಟಿದರೆ ಆರೋಗ್ಯವಂತನೂ ನೆರಳಿನಲ್ಲಿ, ಬೇಕಾದಷ್ಟು ನೀರು ಕುಡಿಯುತ್ತ ಸುಮ್ಮನೆ ಕೂತಿದ್ದರೂ ಕೆಲವು ಗಂಟೆಗಿಂತ ಹೆಚ್ಚು ತಡೆಯಲಾರ ಎನ್ನುತ್ತಾರೆ. ಈ ಹೊಗೆ ಹೀಗೆಯೇ ಏರುತ್ತ ಹೋದರೆ ಶತಮಾನದ ಕೊನೆಯ ಹೊತ್ತಿಗೆ ದುಬೈ, ದೋಹಾ, ಧಹ್ರಾನ್ ಮುಂತಾದ ಊರುಗಳಲ್ಲಿ ಆ ಗೆರೆ ದಾಟುವ ದಿನಗಳು ಬರಬಹುದೆಂದು ಜೆರೆಮಿ ಪಾಲ್ ಮತ್ತು ಎಲ್ಫತಿಹ್ ಎಲ್ತಾಹಿರ್ ಎಂಬ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದರು. ಹೊಗೆ ಕಡಿಮೆ ಮಾಡಿದರೆ ಇದನ್ನು ತಪ್ಪಿಸಬಹುದೆಂಬುದೂ ಅದೇ ಲೆಕ್ಕದಲ್ಲಿದೆ. ಆದರೆ 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕ ಯುವತಿಯರನ್ನೇ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ ಸುಮಾರು 31ಕ್ಕೇ ದೇಹ ಸೋಲಲು ಶುರುವಾಗುವುದು ಕಂಡುಬಂತು. 31 ಎಂಬ ಅಂಕೆ ಓದಿದಾಗ ನನಗೆ ನಮ್ಮ ಬಾಲ್ಕನಿ ನೆನಪಾಯಿತು.

ಸಖೀರ್ ಕಡೆಗೆ ಪಿಕ್‌ನಿಕ್ ಹೋದವರೆಲ್ಲ ಜೆಬೆಲ್ ದುಖಾನ್ ನೋಡಿರುತ್ತೀರಿ. ಬೆಟ್ಟ ಎನ್ನಲು ನಮ್ಮ ಪಶ್ಚಿಮ ಘಟ್ಟದವರಿಗೆ ಸ್ವಲ್ಪ ಸಂಕೋಚವಾಗುತ್ತದೆ, ಇರಲಿ. 'ಹೊಗೆಯ ಬೆಟ್ಟ' ಎಂದು ಆ ಹೆಸರಿನ ಅರ್ಥ. ತೇವದ ದಿನಗಳಲ್ಲಿ ಅದರ ಸುತ್ತ ಕವಿಯುವ ಮಬ್ಬಿನಿಂದ ಆ ಹೆಸರು ಬಂತೆನ್ನುತ್ತಾರೆ. ಅದರ ಬುಡದಲ್ಲೇ 1932ರಲ್ಲಿ ಎಣ್ಣೆ ಚಿಮ್ಮಿತು, ಕೊಲ್ಲಿಯ ಅರಬ್ ದಡದಲ್ಲಿ ಮೊತ್ತಮೊದಲನೆಯದಾಗಿ. ಆ ಎಣ್ಣೆಯಿಂದಲೇ ಇಲ್ಲಿ ರಸ್ತೆ, ಆಸ್ಪತ್ರೆ, ಸಂಬಳ. ಆ ಸಂಬಳದಿಂದಲೇ ಊರಿನಲ್ಲಿ ನಮ್ಮ ತಾರಸಿ ಮನೆ, ತಂಗಿಯ ಮದುವೆ. ಹಾಗಾಗಿ ಎಣ್ಣೆಯನ್ನು ಬೈದು ಬರೆಯಲು ನನಗೆ ಬಾಯಿ ಬರುವುದಿಲ್ಲ. ಬಹರೈನ್ ಸರಕಾರವೂ 2060ರೊಳಗೆ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುವುದಾಗಿ 2021ರಲ್ಲಿ ಹೇಳಿದೆ. ಅದು ದೊಡ್ಡವರ ಮಾತು. ನಾನು ಹೇಳಹೊರಟದ್ದು ಈ ಬೇಸಿಗೆಯ ಮಾತು.

ಮಧ್ಯಾಹ್ನ 12ರಿಂದ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಬಹರೈನಿನಲ್ಲಿ 2007ರಿಂದ ಇದೆ. ಮೊದಲು ಜುಲೈ, ಆಗಸ್ಟ್ ಎರಡು ತಿಂಗಳಿಗೆ ಇದ್ದದ್ದು 2025ರಿಂದ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮೂರು ತಿಂಗಳಾಯಿತು. ಬಹಳ ಒಳ್ಳೆಯ ಕೆಲಸ. ಆದರೆ ಗಡಿಯಾರ ನೋಡಿ ತಪ್ಪಿಸಿಕೊಳ್ಳಬಹುದಾದದ್ದು ಬಿಸಿಲಿನಿಂದ. ಸೆಕೆಗೆ ಗಡಿಯಾರ ಗೊತ್ತಿಲ್ಲ. ಮಧ್ಯಾಹ್ನದ ನಂತರ ಸಮುದ್ರದ ಕಡೆಯಿಂದ ಗಾಳಿ ತಿರುಗಿದರೆ ಬಿಸಿಲು ಇಳಿಯುತ್ತಿರುವಾಗಲೇ ಸೆಕೆ ಏರುತ್ತಿರುತ್ತದೆ.

ಬಂಟ್ವಾಳ ಕಡೆಯ ನಮ್ಮ ಪರಿಚಯದ ಹುಡುಗನೊಬ್ಬ ಕಟ್ಟಡದ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಊರಿನ ಮಳೆಗಾಲದಲ್ಲಿ ಒಂದೂವರೆ ತಿಂಗಳು ರಜೆ ಕಳೆದು ಆಗಸ್ಟಿನಲ್ಲಿ ಬಂದು ಇಳಿದ. ಮರುದಿನವೇ ಕೆಲಸ. ಮೂರನೆಯ ದಿನ ಸಂಜೆ ಐದೂವರೆಗೆ, ವಿರಾಮ ಮುಗಿದು ಒಂದೂವರೆ ಗಂಟೆಯ ನಂತರ, ಏನೇನೋ ತೊದಲುತ್ತ ಕುಸಿದು ಬಿದ್ದ. ಜೊತೆಯಲ್ಲಿದ್ದವರು ಕುಡಿಯುವ ನೀರಿನ ಕ್ಯಾನುಗಳನ್ನೇ ಮೈಮೇಲೆ ಸುರಿದು, ಆಂಬುಲೆನ್ಸಿಗೆ ಫೋನ್ ಮಾಡಿದರು. ಅದರಿಂದ ಬದುಕಿದ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ಹೇಳಿದ್ದು ಒಂದೇ ಮಾತು: "ಬಿಸಿಲೇ ಇರ್ಲಿಲ್ಲ ಅಣ್ಣ. ಹಾಗೆ ಏನೂ ಆಗ್ಲಿಕ್ಕಿಲ್ಲ ಅಂತ ನೀರು ಕುಡಿಲಿಕ್ಕೂ ಕೆಳಗೆ ಇಳಿದಿರ್ಲಿಲ್ಲ."

ಅವನಿಗೆ ಯಾರೂ ಹೇಳಿರಲಿಲ್ಲವಾದ ಎರಡು ಸಂಗತಿಗಳಿವೆ. ಒಂದು, ಈಗಷ್ಟೇ ಹೇಳಿದ ಬಿಸಿಲು, ಸೆಕೆಯ ವ್ಯತ್ಯಾಸ. ಎರಡನೆಯದು ಇನ್ನೂ ಮುಖ್ಯ. ಸೆಕೆಯನ್ನು ತಾಳುವುದನ್ನು ದೇಹ ಕಲಿಯುತ್ತದೆ: ಬೇಗ ಬೆವರುವುದು, ಬೆವರಿನಲ್ಲಿ ಉಪ್ಪು ಉಳಿಸುವುದು. ಅದಕ್ಕೆ ಒಂದೆರಡು ವಾರ ಬೇಕು. ಕಲಿತದ್ದನ್ನು ಮರೆಯಲು ಒಂದು ತಿಂಗಳ ರಜೆ ಸಾಕು. ಹತ್ತು ವರ್ಷದ ಗಲ್ಫ್ ಅನುಭವ ಇದ್ದವನೂ ಊರಿನ ಜಡಿಮಳೆಯಲ್ಲಿ ಹಲಸಿನ ಹಪ್ಪಳ ತಿಂದು ಬಂದರೆ ಮೊದಲ ದಿನಗಳಲ್ಲಿ ಅರ್ಧ ಹೊಸಬನೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಇದಕ್ಕೊಂದು ಲೆಕ್ಕ ಕೊಟ್ಟಿದೆ: ಅನುಭವ ಇದ್ದವನು ರಜೆಯಿಂದ ಬಂದರೆ ಮೊದಲ ದಿನ ಕೆಲಸದ ಅರ್ಧ, ಎರಡನೆಯ ದಿನ ಶೇಕಡಾ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ತೀರಾ ಹೊಸಬನಿಗೆ ಮೊದಲ ದಿನ ಶೇಕಡಾ 20 ಮಾತ್ರ, ಆಮೇಲೆ ದಿನಕ್ಕೆ 20ರಂತೆ ಏರಿಕೆ.

ಪಕ್ಕದ ಕತಾರ್ 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಗಡಿಯಾರದ ವಿರಾಮದ ಜೊತೆಗೆ, ಬಿಸಿಲು, ಗಾಳಿ, ತೇವ ಎಲ್ಲವನ್ನೂ ಸೇರಿಸಿ ಅಳೆಯುವ ಒಂದು ಸೂಚ್ಯಂಕ 32.1 ದಾಟಿದರೆ ಯಾವ ಹೊತ್ತಿನಲ್ಲೇ ಆಗಲಿ ಬಯಲಿನ ಕೆಲಸ ನಿಲ್ಲಿಸಬೇಕೆಂದು ನಿಯಮ ಮಾಡಿತು. ಇಲ್ಲಿ ಕಂಪನಿಗಳಲ್ಲಿ ಸುರಕ್ಷತಾ ವಿಭಾಗದಲ್ಲಿರುವ, ಸೈಟ್ ಇಂಜಿನಿಯರುಗಳಾಗಿರುವ ನಮ್ಮ ಸದಸ್ಯರು ಎಷ್ಟೋ ಮಂದಿ. ನಿಯಮ ಬರುವ ತನಕ ಕಾಯದೆ ತಮ್ಮ ಸೈಟಿನಲ್ಲಿ ಇದನ್ನು ಪಾಲಿಸಲು ಯಾರ ಅಡ್ಡಿಯೂ ಇಲ್ಲ.

ಊರಿಗೆ ಹೋಗಿ ನೆಲೆಸಿದರೆ ಈ ಕಾಟ ತಪ್ಪೀತು ಎಂದುಕೊಂಡವರಿಗೆ ಒಂದು ಮಾತು. ಅರಬ್ಬಿ ಸಮುದ್ರವೂ ಕಾಯುತ್ತಿದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಉಳ್ಳಾಲ, ಕಾಪು ಕಡೆಯ ದಡವನ್ನು ಏನು ಮಾಡಿತೆಂದು ಫೋಟೋಗಳಲ್ಲಿ ನೋಡಿದ್ದೇವೆ. ಬಯಲುಸೀಮೆಯಲ್ಲಿ 40 ಡಿಗ್ರಿಯಾಗದೆ ಬಿಸಿಗಾಳಿ ಎಂದು ಘೋಷಿಸದ ಭಾರತದ ಹವಾಮಾನ ಇಲಾಖೆ ಕರಾವಳಿಗೆ ಮಾತ್ರ 37ರಿಂದಲೇ ಲೆಕ್ಕ ಶುರುಮಾಡುತ್ತದೆ. ಸೆಕೆಗೆ ಕೊಟ್ಟ ಮರ್ಯಾದೆ ಅದು! ನನ್ನ ತಾಯಿ ಫೋನಿನಲ್ಲಿ, "ಫೆಬ್ರವರಿಯಲ್ಲೇ ಚಾವಡಿಯಲ್ಲಿ ಮಲಗಲಿಕ್ಕೆ ಆಗುವುದಿಲ್ಲ ಮಗಾ" ಎನ್ನುತ್ತಾರೆ. ಅವರಿಗೆ ಎಪ್ಪತ್ತೆಂಟು. ವಯಸ್ಸಾದಂತೆ ಬೆವರುವ ಶಕ್ತಿಯೂ ಬಾಯಾರಿಕೆಯ ಅರಿವೂ ಕಡಿಮೆಯಾಗುವುದರಿಂದ, ಇಲ್ಲಿಗೆ ವಿಸಿಟ್ ವೀಸಾದಲ್ಲಿ ಅಪ್ಪ ಅಮ್ಮನನ್ನು ಕರೆಸುವವರು ಜುಲೈ, ಆಗಸ್ಟ್ ಬಿಟ್ಟು ಚಳಿಗಾಲದಲ್ಲಿ ಕರೆಸುವುದು ಒಳ್ಳೆಯದು.

ಯಾರಾದರೂ ಸೆಕೆಯಲ್ಲಿ ತಲೆಸುತ್ತಿ ಕೂತರೆ ನೆರಳು, ಉಪ್ಪು ಹಾಕಿದ ಮಜ್ಜಿಗೆ, ವಿಶ್ರಾಂತಿ ಸಾಕು. ಮಾತು ತೊದಲಿದರೆ, ಯಾರೆಂದು ಗುರುತು ಸಿಗದಂತಾದರೆ ಅದು ಹೀಟ್ ಸ್ಟ್ರೋಕ್. ಆಗ ಬಾಯಿಗೆ ನೀರು ಹಾಕಬೇಡಿ, ಮೈಮೇಲೆ ಸುರಿಯಿರಿ, ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ, 999ಕ್ಕೆ ಫೋನ್ ಮಾಡಿ.

ಬಂಟ್ವಾಳದ ಹುಡುಗ ಈ ವರ್ಷವೂ ಜೂನಿನಲ್ಲಿ ಊರಿಗೆ ಹೋಗಿದ್ದ, ತಂಗಿಯ ಸೀಮಂತಕ್ಕೆ. ಹೊರಡುವ ಮುಂಚೆ ಅವನ ಫೋರ್‌ಮನ್ ಜೊತೆ ಕೂತು ಮಾತಾಡಿದೆವು. ಮಲಯಾಳಿ, ಒಳ್ಳೆಯ ಮನುಷ್ಯ. ಬಂದ ಮೇಲೆ ಮೊದಲ ಮೂರು ದಿನ ಸ್ಟೋರಿನ ಒಳಗಿನ ಕೆಲಸವನ್ನೂ ಸೇರಿಸಿ ಕೊಟ್ಟ. ದೀಪದ ಬತ್ತಿಯ ಥರ್ಮಾಮೀಟರು ಒಂದನ್ನು ಅವರ ಸೈಟಿನ ಊಟದ ಶೆಡ್ಡಿಗೂ ಕಟ್ಟಿಕೊಟ್ಟಿದ್ದೇನೆ. ಬೇಕಾದವರು ಮುಂದಿನ ಸಭೆಗೆ ಎರಡು ಸಾದಾ ಗಾಜಿನ ಥರ್ಮಾಮೀಟರು ತನ್ನಿ. ಜ್ವರ ನೋಡುವಂಥದ್ದು ಆಗುವುದಿಲ್ಲ. ಬತ್ತಿ ನಮ್ಮ ಮನೆಯಲ್ಲಿ ಬೇಕಾದಷ್ಟಿದೆ.